ನೂರ ಅರವತ್ತನಾಲ್ಕು ನೀಲಿ ಚುಕ್ಕಿ

ಮೊದಲೇ ಹೇಳಿಬಿಡುತ್ತೇನೆ, ವಿಡಿಯೋ ಗೇಮ್ ಅಂದರೆ ನನಗೆ ಹೇಸಿಗೆ. ಯಾರಾದರೂ ಮನೆಗೆ ಬಂದು ಟಿವಿ ಮುಂದೆ ಕೂತು, ಎಷ್ಟು ದೊಡ್ಡ ಊರು ನೋಡಿ, ಎಲ್ಲಿ ಬೇಕಾದರೂ ಹೋಗಬಹುದು, ಏನು ಬೇಕಾದರೂ ಮಾಡಬಹುದು ಎಂದು ಹೊಗಳಲು ಶುರು ಮಾಡಿದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತೇನೆ. ಅಂಥ ಒಂದು ಊರಿನಲ್ಲಿ ಏನೇನು ಮಾಡಬಹುದು ಎಂಬುದನ್ನು ಎರಡು ವರ್ಷ ಕೂತು ಬರೆದವಳು ನಾನೇ. ಹೊಟ್ಟೆಪಾಡು ಅಂತ ಆಗ ಸಮಾಧಾನ ಮಾಡಿಕೊಂಡಿದ್ದೆ. ಈಗ ಹೇಳಹೊರಟಿರುವುದು ಮುನಿಆಂಜನಪ್ಪನವರ ಕಥೆ. ಅದರಲ್ಲಿ ನಾನು ಮಾಡಿದ ಗಲೀಜನ್ನೂ ಮುಚ್ಚಿಡುವುದಿಲ್ಲ.

ಮುನಿಆಂಜನಪ್ಪನವರು ಬೈಯಪ್ಪನಹಳ್ಳಿಯ ಹಳೇ ಮನೆತನದವರು. ಅವರ ಅಪ್ಪನ ಕಾಲಕ್ಕೆ ರಾಗಿ ಹೊಲವಿತ್ತು, ಇವರ ಕಾಲಕ್ಕೆ ಆರು ಎಮ್ಮೆ ಉಳಿದಿದ್ದವು. ತೊಂಬತ್ತೈದರ ತನಕ ಸೈಕಲ್ಲಿಗೆ ಹಾಲಿನ ಕ್ಯಾನು ಕಟ್ಟಿಕೊಂಡು ಕುಕ್ ಟೌನಿನ ಬಂಗಲೆಗಳಿಗೆ ಹಾಕಿ ಬರುತ್ತಿದ್ದರು. ಆಮೇಲೆ ಹೊಲ ಲೇಔಟಾಯಿತು, ಎಮ್ಮೆ ಕಟ್ಟುವ ಜಾಗ ರಸ್ತೆಯಾಯಿತು. ಉಳಿದ ಸೈಟಿನಲ್ಲಿ, ಇಂದಿರಾನಗರದ ಕಡೆಗೆ ಮುಖ ಮಾಡಿದ ಮೂರಂತಸ್ತಿನ ಕಟ್ಟಡ ಎಬ್ಬಿಸಿ ಬಾಡಿಗೆಗೆ ಕೊಟ್ಟರು. ಕೆಳಗೆ ಟೈಲ್ಸ್ ಅಂಗಡಿ, ಎರಡನೇ ಮಹಡಿಯಲ್ಲಿ ನಮ್ಮ ಕಂಪನಿ. ಮೆಟ್ಟಿಲ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಿಳಿ ಪಂಚೆಯಲ್ಲಿ ಕೂತಿರುತ್ತಿದ್ದ ಅವರನ್ನು ಮೊದಲ ವಾರ ನಾನು ವಾಚ್‌ಮನ್ ಅಂದುಕೊಂಡು, ಲಿಫ್ಟ್ ಕೆಟ್ಟಿದೆ, ಕಣ್ಣಿಗೆ ಕಾಣಲ್ವಾ ಎಂದು ದಬಾಯಿಸಿದ್ದೆ. "ಆಯ್ತಮ್ಮ, ನೋಡ್ತೀನಿ" ಎಂದು ಎದ್ದು ಹೋಗಿ ಸರಿ ಮಾಡಿಸಿದರು. ಓನರ್ ಅವರೇ ಎಂದು ಆಮೇಲೆ ಗೊತ್ತಾಗಿ, ನಾಚಿಕೆಯಿಂದ ಕ್ಷಮೆ ಕೇಳಲು ಹೋದೆ.

"ಎಮ್ಮೆ ಇದ್ದಾಗ ಎಮ್ಮೆ ಕಾಯ್ತಿದ್ದೆ, ಈಗ ಬಿಲ್ಡಿಂಗ್ ಕಾಯ್ತೀನಿ. ನೀನು ತಪ್ಪೇನು ಅಂದಿಲ್ಲ ಬಿಡಮ್ಮ" ಎಂದರು.

ಆ ಕಡೆಯ ಹಳೇ ಜನಕ್ಕೆ ಅವರು ಇನ್ನೊಂದು ಕಾರಣಕ್ಕೆ ಗೊತ್ತು. ಕಳೆದುಹೋದದ್ದನ್ನು ಹುಡುಕುವುದರಲ್ಲಿ ಎತ್ತಿದ ಕೈ. ಯಾರದಾದರೂ ಹಸು, ಎಮ್ಮೆ ತಪ್ಪಿಸಿಕೊಂಡರೆ ಇವರನ್ನು ಕರೆಯುತ್ತಿದ್ದರು. ಇವರದು ಒಂದೇ ಪದ್ಧತಿ. ಬೀದಿಯ ಒಂದು ತುದಿಯಿಂದ ಶುರು ಮಾಡಿ ಒಂದು ಮನೆಯನ್ನೂ ಬಿಡದೆ ಕೇಳುತ್ತ ಹೋಗುವುದು. ಬೈದರೂ ಸರಿ, ಬಾಗಿಲು ಹಾಕಿಕೊಂಡರೂ ಸರಿ, ಆ ಮನೆಯಿಂದ ಉತ್ತರ ಬಾರದೆ ಮುಂದಿನ ಮನೆಗೆ ಹೋಗುವವರಲ್ಲ. ಇನ್ನೊಂದು ವ್ರತವೂ ಇತ್ತು. ಕಳೆದದ್ದು ಸಿಗುವ ತನಕ ಕಾಫಿ ಮುಟ್ಟುತ್ತಿರಲಿಲ್ಲ. ದಿನಕ್ಕೆ ಆರು ಲೋಟ ಕುಡಿಯುವ ಮನುಷ್ಯ.

ತೊಂಬತ್ತನಾಲ್ಕರಲ್ಲಿ ಶಿವಾಜಿನಗರದ ಇಮಾಮ್ ಬೀ ಅವರ ನಾಲ್ಕು ವರ್ಷದ ಮೊಮ್ಮಗಳು ಕಾಣೆಯಾದಳಂತೆ. ಇಮಾಮ್ ಬೀ ಅವರದು ರಸೆಲ್ ಮಾರ್ಕೆಟ್ ಹಿಂದೆ ಹಿಂಡಿ, ಬೂಸಾ ಅಂಗಡಿ. ಎಮ್ಮೆಗೆ ಹಿಂಡಿ ತರಲು ಹೋಗಿದ್ದ ಇವರು ಸೈಕಲ್ ಅಲ್ಲೇ ನಿಲ್ಲಿಸಿದರು. ಉಳಿದವರೆಲ್ಲ ಬಸ್‌ಸ್ಟ್ಯಾಂಡಿಗೆ, ಸ್ಟೇಷನ್ನಿಗೆ ಓಡಾಡುತ್ತಿದ್ದರೆ ಇವರು ಮಾರ್ಕೆಟ್ಟಿನ ಮೊದಲ ಅಂಗಡಿಯಿಂದ ಶುರು ಮಾಡಿ, ಮಟನ್, ಮೊಟ್ಟೆ, ತರಕಾರಿ ಎಲ್ಲ ದಾಟಿ, ಮಧ್ಯಾಹ್ನದ ಹೊತ್ತಿಗೆ ಹೂವಿನ ಸಾಲಿಗೆ ಬಂದರು. ಖಾಲಿ ಮಂಕರಿಗಳ ನಡುವೆ ಮಗು ನಿದ್ದೆ ಮಾಡುತ್ತಿತ್ತು. ಇಮಾಮ್ ಬೀ ಅಳುತ್ತಲೇ ಕಾಫಿ ತರಿಸಿದರಂತೆ, ಇವರು ಎರಡು ಲೋಟ ಕುಡಿದರಂತೆ. ಇದನ್ನು ನನಗೆ ಹೇಳಿದ್ದು ಅವರ ಹೆಂಡತಿ ರಾಮಲಕ್ಷ್ಮಮ್ಮ. ಹೇಳುವ ಹೊತ್ತಿಗೆ ತಡವಾಗಿತ್ತು.

ಈಗ ನಮ್ಮ ಕಂಪನಿಯ ವಿಷಯ. ಹೊರದೇಶದವರೊಬ್ಬರು ದೊಡ್ಡ ಆಟ ಮಾಡುತ್ತಿದ್ದರು. ಬೆಟ್ಟದ ತಪ್ಪಲಿನ ಊರು, ಹೊಳೆ, ಸುತ್ತ ಏಳು ಹಳ್ಳಿ. ಆಡುವವನು ಅಲ್ಲಿನ ಒಬ್ಬ ಬಡಗಿ. ಆಟ ಶುರುವಾದ ಹತ್ತು ನಿಮಿಷಕ್ಕೆ ಅವನ ಏಳು ವರ್ಷದ ಮಗಳು ಅನ್ನಾ ಹೊಳೆದಂಡೆಯಿಂದ ಕಾಣೆಯಾಗುತ್ತಾಳೆ. ಒಂದು ಚಪ್ಪಲಿ ಮಾತ್ರ ಸಿಗುತ್ತದೆ. ಅವಳನ್ನು ಹುಡುಕುವುದೇ ಮುಖ್ಯ ಕಥೆ, ನಕ್ಷೆಯಲ್ಲಿ ಅದಕ್ಕೆ ಹಳದಿ ಚುಕ್ಕಿ. ಆದರೆ ಊರು ಪೂರ್ತಿ ತೆರೆದಿರುವುದರಿಂದ ಕಥೆಯ ದಾರಿಯಲ್ಲೇ ಹೋಗಬೇಕೆಂದಿಲ್ಲ. ಮೀನು ಹಿಡಿಯಬಹುದು, ಗಾಡಿ ಓಟಕ್ಕೆ ಸೇರಬಹುದು, ಕಂಡವರ ಮೇಕೆ ಹಿಡಿದುಕೊಡಬಹುದು. ಇವು ಪಕ್ಕದ ಕೆಲಸಗಳು. ನಾವು ಸೈಡ್ ಎನ್ನುತ್ತಿದ್ದೆವು. ನಕ್ಷೆಯಲ್ಲಿ ನೀಲಿ ಚುಕ್ಕಿ. ಹಳದಿ ಪೂರ್ತಿ ಅವರದು, ನೀಲಿ ಪೂರ್ತಿ ಬೆಂಗಳೂರಿನದು. ಒಟ್ಟು ನೂರ ಅರವತ್ತನಾಲ್ಕು. ಅದರ ಮಾತುಗಳನ್ನು ಬರೆಯುವ ಕೆಲಸಕ್ಕೆ ರಾಣೆಬೆನ್ನೂರಿನ ಗುರುದೇವಿ ಎಂಬ ನಾನು ಸೇರಿದ್ದೆ.

ಸೈಡ್ ಎಂಬುದಕ್ಕೆ ಒಂದು ಮರ್ಯಾದೆ ಇದೆ ಎಂದು ಮೊದಲ ತಿಂಗಳು ನಾನೂ ನಂಬಿದ್ದೆ. ಊರಿನವರ ಜೊತೆ ನಾಲ್ಕು ದಿನ ಬಾಳಿದರೆ ತಾನೆ ಊರು ನಮ್ಮದಾಗುವುದು, ಕಳೆದದ್ದರ ನೋವು ಆಗ ತಾನೆ ತಟ್ಟುವುದು. ಹಾಗಂತ ದೋಣಿಯವನಿಗೆ ಒಂದು ಚಂದದ ಪ್ರಸಂಗ ಬರೆದೆ. ಅವನು ಆ ಮಗುವನ್ನು ದಿನಾ ಹೊಳೆ ದಾಟಿಸುತ್ತಿದ್ದವನು. ನಮ್ಮ ಮ್ಯಾನೇಜರ್ ರಾಜಶೇಖರ ಓದಿ ಪೆನ್ನಿನಿಂದ ಅಡ್ಡಗೀಟು ಹಾಕಿದ.

"ಗುರುದೇವಿ, ಕವಿತೆ ಬೇಡ. ಆಡೋವ್ನನ್ನ ಇಪ್ಪತ್ತು ನಿಮಿಷ ಹಿಡಿದು ಕೂರಿಸ್ಬೇಕು, ಅಷ್ಟೇ. ಹತ್ತು ಮೀನು ತರಕ್ಕೆ ಹೇಳಿ."

ಹತ್ತು ಮೀನು, ಎಂಟು ಕೋಳಿ, ಇಪ್ಪತ್ತು ಖಾಲಿ ಬಾಟಲಿ. ಥೂ, ನೆನೆಸಿಕೊಂಡರೆ ಈಗಲೂ ಬಾಯಿ ಕಹಿಯಾಗುತ್ತದೆ. ನಮ್ಮದೇ ಆಫೀಸಿನವರು ಆಡಿ ನೋಡಿದಾಗ ಯಾರೂ ನೀಲಿ ಚುಕ್ಕಿಯ ಹತ್ತಿರ ಸುಳಿಯಲಿಲ್ಲ. ಮಗು ಕಾಣೆಯಾಗಿರುವಾಗ ಯಾವನು ಮೀನು ಹಿಡಿಯುತ್ತಾನೆ? ಜನ ನೆಟ್ಟಗೇ ಇದ್ದರು. ಅದಕ್ಕೆ ರಾಜಶೇಖರ ಉಪಾಯ ತೆಗೆದ.

"ಎಲ್ಲಾದಕ್ಕೂ ಆ ಮಗು ಹೆಸರು ಅಂಟಿಸ್ಬಿಡಿ. 'ನಿನ್ನ ಮಗಳ ವಿಷಯ ನಂಗೇನೋ ಗೊತ್ತು, ಮೊದ್ಲು ನನ್ನ ಕೆಲ್ಸ ಮಾಡ್ಕೊಡು' ಅಂತ. ಆಮೇಲೆ ಹೆಂಗೆ ಮಾಡಲ್ಲ ನೋಡೋಣ."

"ಮಾಡಿದ್ಮೇಲೆ ಏನ್ ಹೇಳ್ಬೇಕು? ಮಗು ಎಲ್ಲಿದೆ ಅಂತ ನಮ್ಗೇ ಗೊತ್ತಿಲ್ಲ. ಹಳದಿದು ಮೊದಲ ಭಾಗ ಬಿಟ್ರೆ ಅವ್ರು ಏನೂ ಕಳಿಸಿಲ್ಲ."

"ಥ್ಯಾಂಕ್ಸ್ ಹೇಳಿ ಒಂದು ಟೋಪಿ ಕೊಡಿ. ಜನ ಟೋಪಿ ಇಷ್ಟಪಡ್ತಾರೆ ಗುರು."

ಬರೆದೆ. ನೂರ ಅರವತ್ತನಾಲ್ಕು ಸಲ, ನೂರ ಅರವತ್ತನಾಲ್ಕು ಬಗೆಯಲ್ಲಿ, ಕಳೆದುಹೋದ ಮಗುವನ್ನು ಗಾಳದ ತುದಿಗೆ ಸಿಕ್ಕಿಸಿದೆ. ಕಷ್ಟವೇನೂ ಆಗಲಿಲ್ಲ. ಮೂರನೇ ದಿನಕ್ಕೆ ಕೈಗೆ ಅಭ್ಯಾಸವಾಯಿತು.

ಎರಡು ಸಾವಿರದ ಏಳರ ಜುಲೈನಲ್ಲಿ, ಜನ್ಮದಲ್ಲಿ ವಿಡಿಯೋ ಗೇಮ್ ಆಡದವರನ್ನು ಕೂರಿಸಿ ನೋಡಿ ಎಂದು ಹೊರದೇಶದವರು ಕೇಳಿದರು. ಮೂವರನ್ನು ಹಿಡಿದು ತಂದೆವು. ಇಬ್ಬರು ನಾಲ್ಕನೇ ದಿನಕ್ಕೆ ಕಣ್ಣು ಉರಿ ಎಂದು ಕಳಚಿಕೊಂಡರು. ಮೂರನೆಯವರು ಮುನಿಆಂಜನಪ್ಪ. ಹೇಗಿದ್ದರೂ ಕೆಳಗೆ ಕೂತೇ ಇರುತ್ತಾರೆ, ಮೇಲೆ ಬಂದು ಕೂರಲಿ ಎಂದು ರಾಜಶೇಖರ ಕರೆದಿದ್ದ. ಅವರಿಗೆ ಇಂಗ್ಲಿಷ್ ಬಾರದು. ಆಟದವರು ಹೇಳಿದ್ದನ್ನು ಕನ್ನಡದಲ್ಲಿ ಹೇಳಲು ನಾನು ಪಕ್ಕದಲ್ಲಿ ಕೂರಬೇಕಿತ್ತು.

ಎರಡು ದಿನದಲ್ಲಿ ಕೈ ಪಳಗಿತು. ಹೊಳೆದಂಡೆಯಲ್ಲಿ ಚಪ್ಪಲಿ ಸಿಕ್ಕಿದ ತಕ್ಷಣ ಅವರು ಕುರ್ಚಿಯಿಂದ ಎದ್ದು ನಿಂತರು.

"ಯಾರ ಮಗು ಇದು?"

"ನಿಮ್ದೇ ಯಜಮಾನ್ರೇ. ಅಂದ್ರೆ, ಆಟದಲ್ಲಿ."

"ಹೆಸರು?"

"ಅನ್ನಾ."

"ಅನ್ನಮ್ಮ" ಎಂದರು, ಕೂತರು. ಕ್ಯಾಂಟೀನಿನ ಕಾಫಿ ಬಂತು. ಬೇಡ ಎಂದು ಪಕ್ಕಕ್ಕಿಟ್ಟರು. ನಮ್ಮ ಮಷಿನ್ ಕಾಫಿ ಅವರಿಗೆ ಸೇರುವುದಿಲ್ಲ ಎಂದುಕೊಂಡೆ.

ಆಮೇಲೆ ಅವರು ಮಾಡಿದ್ದನ್ನು ನಮ್ಮಲ್ಲಿ ಯಾರೂ ಊಹಿಸಿರಲಿಲ್ಲ. ಊರಿನ ಮೊದಲ ಮನೆಯ ಬಾಗಿಲಿಗೆ ಹೋಗಿ ಮಾತಾಡುವ ಬಟನ್ ಒತ್ತಿದರು. ಅದು ಮೀನು ಮಾರುವವಳ ಮನೆ. ಅವಳು ನಾನು ಬರೆದದ್ದನ್ನು ಹೇಳಿದಳು, ನಾನು ಕನ್ನಡದಲ್ಲಿ ಹೇಳಿದೆ.

"ಮಗು ಕಾಣಿಸ್ತಿಲ್ಲ ಅಂದ್ರೆ ಹತ್ತು ಮೀನು ತಗಂಬಾ ಅಂತಾಳಲ್ಲ!" ಮುನಿಆಂಜನಪ್ಪನವರ ಮುಖ ಕಿವುಚಿಕೊಂಡಿತು. "ಛೀ ಛೀ, ಇವಳೆಂಥಾ ಹೆಂಗ್ಸಮ್ಮ? ಹೊಟ್ಟೆಗೆ ಅನ್ನ ತಿಂತಾಳಾ?"

"ಬೇಡ ಅಂದ್ರೆ ಬಿಟ್ಟು ಮುಂದೆ ಹೋಗ್ಬಹುದು ಯಜಮಾನ್ರೇ."

"ಬಿಟ್ಟು ಹೋಗದಾ? ಗೊತ್ತು ಅಂತವ್ಳಲ್ಲ!"

ಒಂದು ಗಂಟೆ ಕೂತು ಹತ್ತು ಮೀನು ಹಿಡಿದರು. ತಂದು ಕೊಟ್ಟರು. ಅವಳು ನಕ್ಕು, ಥ್ಯಾಂಕ್ಸ್ ಹೇಳಿ, ಒಂದು ಹುಲ್ಲಿನ ಟೋಪಿ ಕೊಟ್ಟಳು. ಮುನಿಆಂಜನಪ್ಪ ನನ್ನ ಕಡೆ ತಿರುಗಿದರು. ಮುಂದಿನದನ್ನು ನಾನು ಹೇಳಲಿಲ್ಲವೇನೋ ಎಂಬಂತೆ ಕಾದರು. ನಾನು ಕೀಬೋರ್ಡು ನೋಡುತ್ತ ಕೂತೆ.

"ಇವಳಿಗೆ ಗೊತ್ತಿಲ್ಲ. ಕೆಲ್ಸ ಮಾಡಿಸ್ಕೊಳ್ಳಕ್ಕೆ ಸುಳ್ಳು ಹೇಳವ್ಳೆ. ಬಿಡು, ಮುಂದಿನ ಮನೆ" ಎಂದರು.

ಹೀಗೆ ಮುಂದಿನ ಮನೆ, ಅದರ ಮುಂದಿನ ಮನೆ. ಪ್ರತಿಯೊಬ್ಬರೂ ಗೊತ್ತು ಎನ್ನುವವರೇ. ಮೇಕೆಯವನಿಗೆ ಮೇಕೆ ಹಿಡಿದುಕೊಟ್ಟರು, ಬಾಟಲಿ ಆರಿಸಿದರು, ಗಾಡಿ ಓಡಿಸಿದರು. ಒಬ್ಬನ ಎಮ್ಮೆಯ ಹಾಲು ಕರೆಯಬೇಕಿತ್ತು. "ಕರು ಬಿಡ್ದೆ ಹಾಲು ಕರೀತಾರೇನಮ್ಮ? ಇದನ್ನ ಮಾಡ್ದೋನು ಎಮ್ಮೆ ಮುಖ ನೋಡವ್ನಾ?" ಎಂದು ಅದೊಂದು ದಿನ ಮಾತ್ರ ಸ್ವಲ್ಪ ನಕ್ಕರು. ಉಳಿದಂತೆ ಅವರ ಅಸಹ್ಯ ದಿನೇ ದಿನೇ ಏರುತ್ತಿತ್ತು. ಒಂದೊಂದು ಟೋಪಿ ಸಿಕ್ಕಾಗಲೂ ಥೂ ಎನ್ನುತ್ತಿದ್ದರು. ಆದರೂ ಒಂದು ಮನೆಯನ್ನೂ ಬಿಡಲಿಲ್ಲ. ಬೆಳಗ್ಗೆ ಹತ್ತಕ್ಕೆ ಬರುತ್ತಿದ್ದರು, ಸಂಜೆ ಐದಕ್ಕೆ ಏಳುತ್ತಿದ್ದರು. ಒಂದು ವಾರಕ್ಕೆಂದು ಕರೆದದ್ದು ಮೂರು ತಿಂಗಳಾಯಿತು.

ಆ ಊರಿನಲ್ಲಿ ಅವರು ಮೆಚ್ಚಿದ್ದು ಒಬ್ಬಳನ್ನೇ. ನಾಲ್ಕನೇ ಹಳ್ಳಿಯ ಕೊನೆಯಲ್ಲಿ ಒಬ್ಬ ಮುದುಕಿಯಿದ್ದಳು. ಯಾವುದೋ ತಪ್ಪಿನಿಂದ ಅವಳ ಕೆಲಸದ ಮಾತುಗಳು ಅವಳಿಗೆ ಸೇರಿರಲಿಲ್ಲ. ಹತ್ತಿರ ಹೋದರೆ, ಹೊರದೇಶದವರು ಮೊದಲೇ ಹಾಕಿಟ್ಟಿದ್ದ "ಊಟ ಆಯ್ತಾ? ಕೂತ್ಕೊ" ಎಂಬುದನ್ನಷ್ಟೇ ಹೇಳುತ್ತಿದ್ದಳು. ಮುನಿಆಂಜನಪ್ಪ ದಿನಾ ಸಂಜೆ ಏಳುವ ಮುಂಚೆ ಬಡಗಿಯನ್ನು ಅಷ್ಟು ದೂರ ನಡೆಸಿಕೊಂಡು ಹೋಗಿ ಅವಳ ಜಗಲಿಯ ಮೇಲೆ ಕೂರಿಸಿ ಬರುತ್ತಿದ್ದರು. "ಇವಳೊಬ್ಳು ಮನುಷ್ಯಳು" ಎನ್ನುತ್ತಿದ್ದರು. ನಾನು ಬರೆದ ನೂರ ಅರವತ್ತನಾಲ್ಕರಲ್ಲಿ ಇದೊಂದೇ ನಿಜವಾದ ಸೈಡ್ ಎಂದು ನನಗೂ ಅನ್ನಿಸಿತು. ನಾನದನ್ನು ಬರೆದೂ ಇರಲಿಲ್ಲ. ಆದರೂ ಪಟ್ಟಿಯಲ್ಲಿ ಅದು ತಪ್ಪು ಎಂದು ನಮೂದಾಗಿತ್ತು, ಸರಿಪಡಿಸುವ ಸರದಿ ನನ್ನದು. ಸರಿಪಡಿಸಿದೆ. ಮರುದಿನ ಮುದುಕಿ, "ನಿನ್ನ ಮಗಳು ಹೋದ ದಾರಿ ನನಗೆ ಗೊತ್ತು, ಮೊದಲು ನನ್ನ ಎಂಟು ಕೋಳಿ ಹಿಡಿದು ತಾ" ಎಂದಳು.

ನಾನು ಕನ್ನಡದಲ್ಲಿ ಹೇಳಿದೆ.

"ಇವಳೂನಾ?" ಎಂದರು ಮುನಿಆಂಜನಪ್ಪ. ಎಂಟು ಕೋಳಿ ಹಿಡಿದರು.

ಅದೇ ವಾರ ರಾಜಶೇಖರ ಕುಣಿಯುತ್ತ ಬಂದ. ಮುನಿಆಂಜನಪ್ಪ ಎಷ್ಟು ಗಂಟೆ ಎಲ್ಲಿ ಕಳೆದರು ಎಂಬುದೆಲ್ಲ ಕಂಪ್ಯೂಟರಿನಲ್ಲಿ ದಾಖಲಾಗುತ್ತಿತ್ತು. ಅದರ ಗ್ರಾಫು ಹೊರದೇಶಕ್ಕೆ ಹೋಗಿತ್ತು.

"ಅವ್ರು ಫುಲ್ ಖುಷ್. ಐವತ್ತೇಳು ವರ್ಷದೋರು, ಗೇಮ್ ಮುಟ್ಟದೋರು, ಸೈಡಿಗೇ ಅಂಟಿಕೊಂಡವ್ರೆ ಅಂದ್ರೆ ನಮ್ಮ ಕೆಲ್ಸ ಎಷ್ಟು ಚೆನ್ನಾಗಿರ್ಬೇಕು!"

ನನಗೆ ರೇಗಿಹೋಯಿತು. ರೇಗಿದರೆ ನನ್ನ ಬಾಯಿಗೆ ಊರಿನ ಮಾತೇ ಬರುವುದು. "ಏನ್ ಖುಷಿರೀ? ಆ ಮನಷ್ಯಾ ಮಗಳನ್ನ ಹುಡಕಾಕತ್ತಾನ! ಮಗು ಇದರಾಗ ಇಲ್ಲಂತ ಹೇಳೂನು, ಸಾಕು."

"ಹೇಳ್ಬೇಡಿ. ಹೇಳಿದ್ರೆ ಡೇಟಾ ಹಾಳಾಗುತ್ತೆ. ಇನ್ನು ಮೂವತ್ತು ಚುಕ್ಕಿ ಅಷ್ಟೆ. ರಿಪೋರ್ಟ್ ನೀವೇ ಬರೀರಿ, ಮುಂದಿನ ಸಲ ಟೀಮ್ ಲೀಡ್ ನೀವೇ."

ನಾನು ಬಾಯಿ ಮುಚ್ಚಿದೆ. ರಿಪೋರ್ಟೂ ಬರೆದೆ. ಅದರ ಮೊದಲ ವಾಕ್ಯ ನನಗೆ ಇವತ್ತಿಗೂ ಬಾಯಿಪಾಠವಿದೆ: ಆಟಗಾರರು ಮಗುವಿನ ಕಥೆಗಿಂತ ಪಕ್ಕದ ಕೆಲಸಗಳನ್ನೇ ಹೆಚ್ಚು ಇಷ್ಟಪಡುತ್ತಾರೆ.

ಅಕ್ಟೋಬರಿನ ಒಂದು ಶುಕ್ರವಾರ ನೂರ ಅರವತ್ತನಾಲ್ಕನೆಯದೂ ಮುಗಿಯಿತು. ಗಾಡಿ ಓಟ. ಗೆದ್ದವನಿಗೆ ಚಿನ್ನದ ಬಣ್ಣದ ಟೋಪಿ. ಪರದೆಯ ಮೇಲೆ ಹೂವು ಉದುರಿತು, ತುತ್ತೂರಿ ಊದಿತು. ನಮ್ಮ ಹುಡುಗರು ಸುತ್ತ ನಿಂತು ಚಪ್ಪಾಳೆ ತಟ್ಟಿದರು.

"ಮಗು?" ಎಂದರು ಮುನಿಆಂಜನಪ್ಪ.

ಒಬ್ಬೊಬ್ಬರೇ ತಮ್ಮ ಜಾಗಕ್ಕೆ ಜಾರಿಕೊಂಡರು.

"ಮಗು ಇದ್ರಲ್ಲಿ ಇಲ್ಲ ಯಜಮಾನ್ರೇ. ಆ ಭಾಗ ಬೇರೆಯೋರು ಮಾಡ್ತಾರೆ. ನಮ್ಗೆ ಕೊಟ್ಟಿಲ್ಲ" ಎಂದೆ.

"ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮೊದಲ್ನೇ ದಿನದಿಂದ?"

"ಹೂಂ."

ಅವರು ಎದ್ದು ಮೆಟ್ಟಿಲ ಹತ್ತಿರದ ಕಿಟಕಿಗೆ ಹೋಗಿ ಹೊರಗೆ ಉಗಿದರು. ವಾಪಸ್ ಬಂದು ಚಪ್ಪಲಿ ಮೆಟ್ಟಿಕೊಂಡರು. ಅಲ್ಲಿಯವರೆಗೆ ನನ್ನನ್ನು ಮಗಳಂತೆ ನೀನು ಎನ್ನುತ್ತಿದ್ದವರು.

"ಆ ಮುದುಕಿ ಬಾಯಿಗೆ ಕೋಳಿ ತುರುಕಿದ್ದೂ ನೀವೇ ಅಲ್ವಾ?" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

"ಯಾವತ್ತಾದ್ರೂ ಆ ಮಗು ಸಿಕ್ತು ಅಂತ ಗೊತ್ತಾದ್ರೆ ಬಂದು ಹೇಳಿ" ಎಂದು ಇಳಿದುಹೋದರು. ಮರುದಿನದಿಂದ ಪ್ಲಾಸ್ಟಿಕ್ ಕುರ್ಚಿ ಮೆಟ್ಟಿಲ ಬುಡದಿಂದ ಟೈಲ್ಸ್ ಅಂಗಡಿಯ ಆಚೆ ಬದಿಗೆ ಹೋಯಿತು. ವರ್ಷ ಕಳೆಯುವುದರೊಳಗೆ ಕಂಪನಿಯೂ ಬೇರೆ ಕಟ್ಟಡಕ್ಕೆ ಹೋಯಿತು. ನಾನು ಟೀಮ್ ಲೀಡ್ ಆದೆ.

ಎರಡು ಸಾವಿರದ ಒಂಬತ್ತರ ಕೊನೆಗೆ ಆಟ ಅಂಗಡಿಗೆ ಬಂತು. ನೂರಡಿ ರಸ್ತೆಯ ಅಂಗಡಿಯೊಂದರಲ್ಲಿ ಕೊಂಡು, ಶನಿವಾರ ಬೆಳಗ್ಗೆ ಹಾಕಿಕೊಂಡು ಕೂತೆ. ಕೊನೆ ಮುಟ್ಟುವ ತನಕ ಏಳುವುದಿಲ್ಲ, ಮಗು ಎಲ್ಲಿ ಸಿಕ್ಕಿತು ಎಂದು ಹೋಗಿ ಹೇಳುತ್ತೇನೆ ಎಂದು ಗಟ್ಟಿ ಮಾಡಿಕೊಂಡಿದ್ದೆ. ಹೊಳೆದಂಡೆ ಬಂತು. ಚಪ್ಪಲಿ ಇರಲಿಲ್ಲ. ಬಡಗಿಗೆ ಮಗಳೇ ಇರಲಿಲ್ಲ. ಅವನ ಕುದುರೆಗಾಡಿ ಕಳುವಾಗಿತ್ತು, ಅದನ್ನು ಹುಡುಕುವುದೇ ಕಥೆ. ನೀಲಿ ಚುಕ್ಕಿಗಳು ಮಾತ್ರ ಎಲ್ಲವೂ ಇದ್ದವು. ಮೀನಿನವಳು, ಮೇಕೆಯವನು, ಕೋಳಿ ಮುದುಕಿ, ಎಲ್ಲರೂ ಈಗ ಗಾಡಿಯ ವಿಷಯ ಗೊತ್ತು ಎನ್ನುತ್ತಿದ್ದರು.

ಸೋಮವಾರ ರಾಜಶೇಖರನನ್ನು ಹಿಡಿದು ಕೇಳಿದೆ.

"ನಿಮ್ಮ ರಿಪೋರ್ಟೇ ಕಾರಣ ಅಲ್ವಾ?" ಎಂದ, ಹೊಗಳುವವನಂತೆ. "ಜನಕ್ಕೆ ಮಗು ಬೇಕಾಗಿಲ್ಲ, ಸೈಡ್ ಬೇಕು ಅಂತ ಬರೆದಿದ್ರಿ. ಮಗು ಇದ್ರೆ ಸುಮ್ನೆ ಮನಸ್ಸು ಚುಚ್ಚುತ್ತೆ, ಆರಾಮಾಗಿ ಆಡಕ್ಕಾಗಲ್ಲ. ತೆಗೆದ್ಬಿಟ್ರು."

ಆ ಮನುಷ್ಯ ಒಂದು ಮಗುವಿಗಾಗಿ ಮಾಡಿದ ನೂರ ಅರವತ್ತನಾಲ್ಕು ಚಾಕರಿಯನ್ನೇ ಸಾಕ್ಷಿ ಮಾಡಿ ಆ ಮಗುವನ್ನು ಅಳಿಸಿಹಾಕಿದ್ದರು. ಸಾಕ್ಷಿಯ ಕಾಗದ ಬರೆದವಳು ನಾನು. ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ, ಮಧ್ಯಾಹ್ನ ರಾಜೀನಾಮೆ ಕೊಟ್ಟೆ. ಅದನ್ನೊಂದು ದೊಡ್ಡಸ್ತಿಕೆ ಎಂದು ಹೇಳುತ್ತಿಲ್ಲ, ಎರಡು ವರ್ಷ ತಡವಾಗಿ ಕೊಟ್ಟದ್ದು.

ಮರುದಿನ ಬೈಯಪ್ಪನಹಳ್ಳಿಗೆ ಹೋದೆ. ಮೆಟ್ರೋ ಕೆಲಸಕ್ಕೆ ರಸ್ತೆಯೆಲ್ಲ ಅಗೆದು ಧೂಳೋ ಧೂಳು. ಮುನಿಆಂಜನಪ್ಪ ಮನೆಯ ಜಗಲಿಯ ಮೇಲೆ ಕೂತಿದ್ದರು. ರಾಮಲಕ್ಷ್ಮಮ್ಮ ಒಳಗಿನಿಂದ ಬಂದು, ಕೂರಿಸಿ, ನನ್ನ ಕೈಗೆ ಕಾಫಿ ಕೊಟ್ಟರು. ಗಂಡನಿಗೆ ನೀರು ತಂದಿಟ್ಟರು.

"ಇವ್ರು ನಿಮ್ಮ ಆಫೀಸಿಗೆ ಬಂದಾಗ್ನಿಂದ ಕಾಫಿ ಬಿಟ್ಟವ್ರಮ್ಮ. ಯಾಕೆ ಅಂದ್ರೆ ಯಾವ್ದೋ ಮಗು ಸಿಕ್ಕಿಲ್ಲ ಅಂತಾರೆ" ಎಂದು ಇಮಾಮ್ ಬೀ ಮೊಮ್ಮಗಳ ಕಥೆಯನ್ನು, ಎಮ್ಮೆಗಳ ಕಥೆಯನ್ನು, ಆ ವ್ರತದ ಕಥೆಯನ್ನು ಹೇಳಿದರು. ಮಷಿನ್ ಕಾಫಿ ಸೇರದೆ ಬಿಟ್ಟದ್ದಲ್ಲ ಎಂದು ನನಗೆ ಗೊತ್ತಾದದ್ದು ಆಗ. ನಿಜ ಹೇಳಬೇಕೆಂದೇ ಹೋಗಿದ್ದೆ.

"ಯಜಮಾನ್ರೇ, ಮಗು ಸಿಕ್ತು" ಎಂದೆ.

ಅವರ ಮುಖ ಅರಳಿದ್ದನ್ನು ನಾನು ನೋಡಬಾರದಿತ್ತು. "ಸಿಕ್ತಾ! ಅನ್ನಮ್ಮ ಸಿಕ್ತಾ! ಲೇ ಲಕ್ಷ್ಮೀ, ನಂಗೂ ಒಂದು ಲೋಟ ಹಾಕೇ!" ಎಂದು ಕೂಗಿದರು. ಎರಡು ವರ್ಷದ ಮೇಲೆ ಗಂಡ ಕಾಫಿ ಕೇಳಿದ್ದಕ್ಕೆ ಅವರು ಓಡಿಹೋಗಿ ಹೊಸದಾಗಿ ಬೆರೆಸಿ ತಂದರು. ಮುನಿಆಂಜನಪ್ಪ ಲೋಟ ಎತ್ತಿದರು, ಊದಿದರು. ತುಟಿಯ ಹತ್ತಿರ ಹಿಡಿದುಕೊಂಡೇ ಕೇಳಿದರು.

"ಎಲ್ಲಿದ್ಲು?"

ಇದನ್ನು ನಾನು ಯೋಚಿಸಿಕೊಂಡಿರಲಿಲ್ಲ. ನೂರ ಅರವತ್ತನಾಲ್ಕು ಸುಳ್ಳು ಬರೆದವಳಿಗೆ ಇನ್ನೊಂದು ಕಷ್ಟವೇ?

"ಮೂರನೇ ಹಳ್ಳೀಲಿ ಗಿರಣಿ ಇತ್ತಲ್ಲ, ಹೊಳೆ ಪಕ್ಕ. ಅದ್ರ ಅಟ್ಟದ ಮೇಲೆ. ಮಲಗಿದ್ಲು."

ಲೋಟ ತುಟಿಯಿಂದ ಕೆಳಗೆ ಬಂತು.

"ಗಿರಣಿ ಅಟ್ಟ ನಾನು ಎರಡು ಸಲ ಹತ್ತಿದ್ದೆ. ಹಿಟ್ಟಿನ ಮೂಟೆ ಹಿಂದೆಯೂ ನೋಡಿದ್ದೆ."

ನಾನು ಬೇರೆ ಮನೆ ನೆನೆಸಿಕೊಳ್ಳಲು ನೋಡಿದೆ. ಅವರು ನೋಡದ ಮನೆ ಆ ಊರಿನಲ್ಲಿ ಒಂದೂ ಇರಲಿಲ್ಲ.

ಅವರು ಬೈಯಲಿಲ್ಲ. ಕಾಫಿ ಲೋಟವನ್ನು ಜಗಲಿಯ ಮೇಲೆ ನನ್ನ ಕಡೆಗೆ ಸರಿಸಿದರು.

"ನೀವೇ ಕುಡೀರಿ" ಎಂದರು.

ರಾಮಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಇಬ್ಬರ ಮುಖವನ್ನೂ ನೋಡುತ್ತಿದ್ದರು. ನಾನು ಆ ಲೋಟ ಎತ್ತಿಕೊಂಡು ಕುಡಿದೆ. ಅವರಿಗೆಂದು ಬೆರೆಸಿದ್ದು, ಸಕ್ಕರೆ ತುಂಬ ಜಾಸ್ತಿ ಇತ್ತು.